ಕೆರೆ ಗಟ್ಟಿಯಾಗಿದೆ, ತಾತನಿಗೆ ಹೇಳಬೇಡಿ

ಕಿಲ್‌ಡೂರಿ
ಜನವರಿ ೧೪, ಬುಧವಾರ ಬೆಳಿಗ್ಗೆ

ಮುದ್ದು ತಾತಾ,

ಸೊಂಟ ಹೇಗಿದೆ? ಕೋಲೂರಿಕೊಂಡು ಬಾಗಿಲವರೆಗೂ ನಡೆದೆಯಂತೆ, ಭೇಷ್! ಗಂಜಿಗೆ ಉಪ್ಪು ಹಾಕಲು ಆಸ್ಪತ್ರೆಯವರು ಈಗಲಾದರೂ ಒಪ್ಪಿದರೋ, ಇಲ್ಲ ಇನ್ನೂ ಸಕ್ಕರೆ ಸುರಿದು ನಿನ್ನ ಧರ್ಮ ಕೆಡಿಸುತ್ತಿದ್ದಾರೋ?

ಈಗ ಸುದ್ದಿ. ಕೈಗೆ ಸಿಕ್ಕಿದ್ದನ್ನು ಎಸೆಯಬೇಡ, ಆಸ್ಪತ್ರೆಯ ಪಾತ್ರೆಗಳು ಪರರ ಸೊತ್ತು. ಭಾನುವಾರ ನಿನ್ನ ಸುಪುತ್ರ ಹೆಕ್ಟರ್ ಚಿಕ್ಕಪ್ಪ ಹಾಸಿಗೆ ಪಕ್ಕ ಕೂತು, "ಈ ವರ್ಷನೂ ಕೆರೆ ಹೆಪ್ಪುಗಟ್ಟಲಿಲ್ಲಪ್ಪ, ಬಾತುಕೋಳಿ ಈಜ್ತಾ ಇವೆ" ಅಂದನಲ್ಲ? ಶುದ್ಧ ಸುಳ್ಳು. ಎಷ್ಟೋ ವರ್ಷಗಳ ಮೇಲೆ ಕೆರೆ ಕಲ್ಲಾಗಿದೆ. ಟ್ರ್ಯಾಕ್ಟರ್ ಓಡಿಸಬಹುದು. ಶಾಲೆಗೆ ರಜೆ, ಅಂಚೆ ಕಚೇರಿಗೆ ಬೀಗ. ಪಾದ್ರಿಗಳೂ ಸೇರಿದಂತೆ ಊರಿಗೂರೇ ಮಂಜುಗಡ್ಡೆ ಮೇಲೆ ಗುರಿಯತ್ತ ಕಲ್ಲು ಜಾರಿಸುತ್ತ ಕರ್ಲಿಂಗ್ ಆಡುತ್ತಿದೆ. ಮನೆಯಲ್ಲಿ ಪೊರಕೆ ಕೊಟ್ಟರೆ ಬೆನ್ನುನೋವು ಅನ್ನುವ ಗಂಡಸರು, ಕಲ್ಲು ಇನ್ನಷ್ಟು ದೂರ ಜಾರಲೆಂದು ಅದರ ಮುಂದೆ ಗುಡಿಸಿ ಗುಡಿಸಿ ಬೆವರುತ್ತಿದ್ದಾರೆ.

ಊರ ಹಿರಿಯರು ಸಭೆ ಸೇರಿ ಗಂಭೀರವಾಗಿ ತೀರ್ಮಾನಿಸಿದರು: "ಮುದುಕನಿಗೆ ಹೇಳ್ಬೇಡಿ, ಎದ್ದು ಬಂದ್ಬಿಟ್ಟಾನು." ಸೊಂಟ ತಾನೆ ಮುರಿದದ್ದು, ಗಂಟಲಲ್ಲವಲ್ಲ ಎಂದು ನಾನು ಎದ್ದು ನಿಂತು ಕೇಳಿದೆ. ತಂಡದ ನಾಯಕನಾದ ನೀನು ಗುಡಿಸಬೇಕೆ, ಓಡಬೇಕೆ? ಆಚೆ ತುದಿಯಲ್ಲಿ ಗುರಿ ತೋರಿಸಿ ಎಲ್ಲರನ್ನೂ ಬೈಯಬೇಕು. ಮನೆಯಲ್ಲಿ ನೀನು ಕುರ್ಚಿಯಿಂದಲೇ ಆ ಕೆಲಸ ಮಾಡಿಲ್ಲವೆ? ಹೆಕ್ಟರ್ ಚಿಕ್ಕಪ್ಪ, "ಲೇ ಮೊರ್ವೆನ್, ದೊಡ್ಡೋರ ಮಾತಲ್ಲಿ ನಿಂದೇನೇ? ಹೋಗಿ ಸೂಪ್ ಕುದಿಸು" ಅಂದ. ಕುದಿಸಿದೆ. ಅವನ ಬಟ್ಟಲಿಗೆ ಬಿದ್ದ ಮೆಣಸಿನ ಪುಡಿಯ ಬಗ್ಗೆ ದೇವರಿಗೆ ಮಾತ್ರ ಉತ್ತರ ಕೊಡುತ್ತೇನೆ.

ಸೋಮವಾರ ಪಕ್ಕದ ಬಾಲಕ್ರೈ ಊರಿನ ಮೇಲೆ ಪಂದ್ಯ. ನಿನ್ನ ಟೋಪಿ ಹಾಕಿಕೊಂಡು ನಿನ್ನ ಜಾಗದಲ್ಲಿ ನಿಂತ ಮಹಾನುಭಾವ ಹೆಕ್ಟರ್ ಚಿಕ್ಕಪ್ಪ, ಕಲ್ಲು ಗುರಿ ದಾಟಿ ಹೋದ ಮೇಲೆ "ಗುಡಿಸಿ, ಗುಡಿಸಿ!" ಎಂದು ಕೂಗಿದ. ಸೋತೆವು. ತಮಾಷೆ ಸಾಕು ತಾತಾ, ನನಗೆ ಮೈಯೆಲ್ಲ ಉರಿಯುತ್ತಿದೆ. ಸೋತರೆ ಸೋತೆವು. ಆದರೆ ಒಬ್ಬರಾದರೂ "ಆ ಮುದುಕ ಇದ್ದಿದ್ರೆ" ಅನ್ನಬಾರದೆ? ಬದುಕಿರುವಾಗಲೇ ನಿನ್ನನ್ನು ಗೋಡೆ ಮೇಲಿನ ಫೋಟೋ ಮಾಡಿ, ಅದಕ್ಕೆ ಪ್ರೀತಿ ಅಂತ ಹೆಸರಿಟ್ಟಿದ್ದಾರೆ, ಕಳ್ಳರು!

ಅಮ್ಮ ಉಣ್ಣೆಯ ಕಾಲುಚೀಲ ಕಳಿಸಿದ್ದಾಳೆ. ನಾಯಿ ಕ್ಷೇಮ, ಊರಿನಲ್ಲಿ ಮರ್ಯಾದಸ್ಥ ಅಂತ ಉಳಿದಿರುವುದು ಅದೊಂದೇ.

ಕೆಂಡದಂತಿರುವ ನಿನ್ನ ಮೊಮ್ಮಗಳು,
ಮೊರ್ವೆನ್

ಅಯ್ಯೋ, ಮುಖ್ಯವಾದದ್ದೇ ಬಿಟ್ಟುಹೋಯಿತು: ಶನಿವಾರ ಮಧ್ಯಾಹ್ನ ಬಾಲಕ್ರೈನವರ ಮೇಲೆಯೇ ಮತ್ತೊಂದು ಪಂದ್ಯ. ಅಲ್ಲಿಯವರೆಗೆ ಚಳಿ ಬಿಡುವುದಿಲ್ಲವಂತೆ. ಅಮ್ಮ ಗುಟ್ಟಾಗಿ ಡಾಕ್ಟರಮ್ಮನನ್ನು ಕೇಳಿದಳು. ಕುರ್ಚಿ, ಕಂಬಳಿ ಇದ್ದು ವಿಸ್ಕಿ ಇಲ್ಲದಿದ್ದರೆ ಒಂದು ಮಧ್ಯಾಹ್ನ ಹೋಗಿಬರಬಹುದಂತೆ. ಈ ಪತ್ರ ತಂದ ಬ್ರೆಡ್ ಗಾಡಿಯ ಲಾಕ್ಲನ್ ಅವತ್ತು ಬೆಳಿಗ್ಗೆ ಆಸ್ಪತ್ರೆ ಬಾಗಿಲಿಗೆ ಬರುತ್ತಾನೆ. ಅವನಿಗೆ ಹೂಂ ಅನ್ನು, ಸಾಕು. ನೀನೇ ನಾಯಕ ಅಂತ ಬಾಲಕ್ರೈನವರಿಗೆ ನಾನು ಆಗಲೇ ಹೇಳಿಬಿಟ್ಟೆ. ನಿನ್ನೆಯಿಂದ ಅವರು ಹಗಲೆಲ್ಲ ಅಭ್ಯಾಸ ಮಾಡುತ್ತಿದ್ದಾರೆ.