ಎಡಗಿವಿಯ ಎರಡು ಮಿಲಿಮೀಟರ್

ಜೂನ್ 3, ಬೆಳಿಗ್ಗೆ 7

ರಬ್ಬರ್ ಚೆಂಡು ಹಿಸುಕಿದ್ದು ಐವತ್ತು ಸಲ. ಮೂವತ್ತೆಂಟರ ಹೊತ್ತಿಗೆ ಕಿರುಬೆರಳು ಮುಷ್ಕರ ಹೂಡಿತು. ನಾನು ಬಿಡಲಿಲ್ಲ. ಬಲ ಮಣಿಕಟ್ಟಿನೊಳಗೆ ಸ್ಟೀಲ್ ಪ್ಲೇಟು ಕೂತು ಏಳು ತಿಂಗಳು. ಅದು ಅಲ್ಲಿ ಸ್ವಂತ ಮನೆ ಮಾಡಿಕೊಂಡಿದೆ, ನಾನೇ ಬಾಡಿಗೆಗಿದ್ದ ಹಾಗಾಗಿದೆ.

ಅಂಗಡಿಯಲ್ಲಿ ತಮ್ಮ ನನ್ನನ್ನು ಕೌಂಟರಿನಲ್ಲಿ ಕೂರಿಸುತ್ತಾನೆ. "ಅಕ್ಕ, ನೀನು ಸುಮ್ನೆ ಬಿಲ್ ಬರಿ, ಫೋನ್ ತಗೋ. ಹೊಲಿಗೆ ನಾನು ನೋಡ್ಕೋತೀನಿ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾನೆ. ಮೈ ಉರಿಯುವುದು ಅದಕ್ಕೇ. ಮೂವತ್ತೊಂದು ವರ್ಷ ಬೈಕ್ ಸೀಟು, ಕಾರ್ ಸೀಟು, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿ — ಎಲ್ಲ ಹೊಲಿದವಳು. ಅರ್ಧ ಊರು ನನ್ನ ಹೊಲಿಗೆಯ ಮೇಲೆ ಕೂತು ಓಡಾಡಿದೆ. ಈಗ ರೆಕ್ಸಿನ್ ಎಳೆದು ಹಿಡಿದರೆ ಬೆರಳು ಜಾರುತ್ತದೆ.

ಇವತ್ತು ಅವನು ಹೊಲಿದ ಸೀಟಿನ ಮೂಲೆಯಲ್ಲಿ ಸುಕ್ಕು. ನೋಡಿಯೂ ಸುಮ್ಮನಿರಬೇಕು ಅಂದುಕೊಂಡೆ... ಹೇಳಿಯೇ ಬಿಟ್ಟೆ.

ಜೂನ್ 5

ಮಧ್ಯಾಹ್ನ ಒಬ್ಬರು ಬಂದರು. ಅರವತ್ತರ ಆಸುಪಾಸು, ದಪ್ಪ ಕನ್ನಡಕ. ಕೈಯಲ್ಲಿ ಒಂದು ಪೆಟ್ಟಿಗೆ, ಕೂಸನ್ನು ಎತ್ತಿಕೊಂಡ ಹಾಗೆ. ಒಳಗೆ ಹೆಡ್‌ಫೋನ್. ಕಿವಿಗೆ ಕೂರುವ ಕುಶನ್ ಎರಡೂ ಉದುರಿ ಕರಿ ಪುಡಿಯಾಗಿವೆ.

"ಕಂಪನಿಯವರು ಈ ಕುಶನ್ ಮಾಡೋದು ನಿಲ್ಲಿಸಿದ್ದಾರೆ. ಬೇರೆಯವರದ್ದು ಮೂರು ಥರ ಹಾಕಿ ನೋಡ್ದೆ, ಸೌಂಡೇ ಹಾಳಾಯ್ತು. ನಿಮ್ಮಲ್ಲಿ ಹೊಲೀತಾರಾ?"

ತಮ್ಮ ನಕ್ಕ. "ಇಲ್ಲಿ ಸೀಟು ಹೊಲಿಯೋದು ಸಾರ್."

"ಹೊಲೀತೀನಿ," ಅಂದೆ ನಾನು. ಬಾಯಿ ನನ್ನ ಅಪ್ಪಣೆ ಕೇಳಲಿಲ್ಲ.

ಹೆಡ್‌ಫೋನ್ ಕೈಗೆ ಬಂತು. ಸೀಟು ಪರೀಕ್ಷಿಸುವ ಹಾಗೆ ಅಂಗೈ ಇಟ್ಟು ಒತ್ತಲು ಹೋದೆ. ಅವರು ಹೌಹಾರಿಬಿಟ್ಟರು.

"ಅಯ್ಯೋ ಒತ್ತಬೇಡಿ ಅಮ್ಮ! ಒಳಗಿರೋ ಪರದೆ ಕೂದಲಿಗಿಂತ ತೆಳು. ಗಾಳಿ ಒತ್ತಿದ್ರೂ ಸುಕ್ಕಾಗುತ್ತೆ."

ಸುಕ್ಕು ಅಂದರೆ ನನಗೆ ಗೊತ್ತು. ಕೈ ಹಿಂದಕ್ಕೆ ತೆಗೆದೆ.

ಅವರದು ಸ್ಟುಡಿಯೋ ಕೆಲಸ. ರೆಕಾರ್ಡ್ ಆದ ಹಾಡಿನಲ್ಲಿ ಯಾವುದು ಎಷ್ಟು ಕೇಳಿಸಬೇಕು ಅಂತ ತೂಗಿ ಕೂರಿಸುವುದು. ಇಪ್ಪತ್ತೆಂಟಕ್ಕೆ ಒಂದು ರೆಕಾರ್ಡಿಂಗ್ ಒಪ್ಪಿಸಬೇಕಂತೆ. "ಹಾಡಿದವರು ಈಗಿಲ್ಲ. ಇನ್ನೊಂದ್ಸಲ ಹಾಡಿ ಅನ್ನೋ ಹಾಗಿಲ್ಲ. ಇಪ್ಪತ್ತು ವರ್ಷದಿಂದ ಇದರಲ್ಲೇ ಕೇಳಿದ್ದೀನಿ. ಇದನ್ನ ಬಿಟ್ರೆ ನನ್ನ ಕಿವಿ ಮೇಲೆ ನನಗೇ ನಂಬಿಕೆ ಇಲ್ಲ."

ಅವರು ಹೋದ ಮೇಲೆ ತಮ್ಮ ಹೆಸರಿಟ್ಟ: ಕಿವಿ ಸಾರ್.

ಜೂನ್ 8

ಮುಗಿಯಿತು. ನಮ್ಮಲ್ಲಿರುವ ಅತ್ಯುತ್ತಮ ರೆಕ್ಸಿನ್, ಗಟ್ಟಿ ಫೋಮ್. ಉಬ್ಬಿಕೊಂಡು ಕೂತಿವೆ. ದೊಡ್ಡ ಸೀಟು ಎಳೆಯಲಾಗದ ಕೈ ಇಷ್ಟು ಚಿಕ್ಕದನ್ನು ಎಳೆಯಿತು. ತಮ್ಮನಿಗೆ ತೋರಿಸಲಿಲ್ಲ. ಅವನಿಗೆ ಕಾಣುವ ಜಾಗದಲ್ಲಿ ಇಟ್ಟು ಬಂದೆ, ಅಷ್ಟೆ.

ಜೂನ್ 9

ಕಿವಿ ಸಾರ್ ಹಾಕಿಕೊಂಡರು. ಕಣ್ಣು ಮುಚ್ಚಿದರು. ತೆಗೆದರು.

"ನೋಡೋಕೆ ಚೆನ್ನಾಗಿದೆ."

"ಕೇಳೋಕೆ?"

"ಕಂಬಳಿ ಹೊದ್ದುಕೊಂಡು ಹಾಡಿದ ಹಾಗಿದೆ ಅಮ್ಮ."

ಮುಖಕ್ಕೆ ನೀರು ಎರಚಿದ ಹಾಗಾಯಿತು. ಇಲ್ಲಿಯವರೆಗೆ ಯಾವ ಗಿರಾಕಿಯೂ ನನ್ನ ಕೆಲಸಕ್ಕೆ ಹೀಗಂದಿಲ್ಲ. ಕುಶನ್ ಅಂದರೆ ಕುಶನ್, ಮೆತ್ತಗಿದ್ದರಾಯಿತಲ್ಲ? ಅದನ್ನೇ ಹೇಳಿದೆ, ಸ್ವಲ್ಪ ಜೋರಾಗಿಯೇ. ಅವರು ಸಿಟ್ಟಾಗಲಿಲ್ಲ. ಫೋನಿಗೂ ಹೆಡ್‌ಫೋನಿಗೂ ನಡುವೆ ಸದ್ದಿಗೆ ಬಲ ಕೊಡುವ ಒಂದು ಪುಟ್ಟ ಡಬ್ಬಿ ಸಿಕ್ಕಿಸಿ, "ನೀವೇ ಕೇಳಿ" ಅಂದರು.

ಮೊದಲು ನನ್ನ ಕುಶನ್ ಹಾಕಿ. ಆಮೇಲೆ ಆ ಪುಡಿಪುಡಿ ಹಳೆಯದನ್ನು ಹೇಗೋ ಟೇಪು ಸುತ್ತಿ.

ಹೇಗೆ ಬರೆಯಲಿ... ನನ್ನದರಲ್ಲಿ ಒಬ್ಬ ಹೆಂಗಸು ಹಾಡುತ್ತಿದ್ದಳು. ಹಳೆಯದರಲ್ಲಿ ಒಬ್ಬ ಹೆಂಗಸು ಎದುರಿಗೆ ಕೂತಿದ್ದಳು. ಹಾಡುವ ಮೊದಲು ಉಸಿರು ಎಳೆದುಕೊಂಡಳು. ತುಟಿ ಬಿಡಿಸಿದ ಸದ್ದು. ತಂತಿಯ ಮೇಲೆ ಯಾರದೋ ಬೆರಳು ಸರಿದದ್ದು.

ತೆಗೆದು ಕೊಟ್ಟೆ. "ಇನ್ನೊಂದು ಜೊತೆ ಮಾಡ್ತೀನಿ. ಇದು ನನ್ನದಲ್ಲ ಅಂದ್ಕೊಳ್ಳಿ."

ಕಲಿತದ್ದು: ಕುಶನ್ ದಪ್ಪವಾದರೆ ಕಿವಿ ದೂರ ಹೋಗುತ್ತದೆ, ಹಾಡೂ ದೂರ ಹೋಗುತ್ತದೆ. ಅಂಚಿನಲ್ಲಿ ಗಾಳಿ ಸೋರಿದರೆ ತಗ್ಗಿನ ಸ್ವರ ಸೋರಿಹೋಗುತ್ತದೆ. ಸೀಟು ಭಾರ ಹೊರುವುದಕ್ಕೆ. ಇದು ಅಂತರ ಕಾಯುವುದಕ್ಕೆ.

ಜೂನ್ 14

ಎರಡನೆಯ ಜೊತೆ. ಕುರಿಚರ್ಮ, ಒತ್ತಿದರೆ ನಿಧಾನ ಏಳುವ ಮೃದು ಫೋಮ್. ಕಂಬಳಿ ಹೋಯಿತಂತೆ. ನನಗೆ ಹಿಗ್ಗು ತಡೆಯಲಾಗಲಿಲ್ಲ, ಒಂದು ನಿಮಿಷ.

ಆಮೇಲೆ ಕಿವಿ ಸಾರ್ ತಲೆ ಆ ಕಡೆ ಈ ಕಡೆ ವಾಲಿಸಿದರು. "ಇವರು ನಡುವೆ ನಿಂತು ಹಾಡಿದ್ದು. ಈಗ ಬಲಕ್ಕೆ ಸರಿದಿದ್ದಾರೆ. ಎಡಗಡೆ ಏನೋ ಹೆಚ್ಚುಕಮ್ಮಿ."

ಅಳೆದೆ. ಎಡಗಡೆಯದು ಹಿಂಭಾಗದಲ್ಲಿ ಎರಡು ಮಿಲಿಮೀಟರ್ ಹೆಚ್ಚು ದಪ್ಪ. ಚರ್ಮ ಅಲ್ಲಿ ಸಡಿಲ, ಫೋಮ್ ಉಬ್ಬಿದೆ. ಹೊಲಿಗೆಯ ಕೊನೆಯ ಸುತ್ತು, ಬೆರಳು ಸೋತ ಜಾಗ. ಅಳತೆಪಟ್ಟಿಯನ್ನು ಎರಡು ಸಲ ಇಟ್ಟೆ. ಸುಳ್ಳು ಹೇಳಲಿ ಅಂತ.

ತಮ್ಮ ನೋಡಿದ. ನೋಡಲಿಲ್ಲವೆಂಬಂತೆ ಕತ್ತರಿ ಹುಡುಕತೊಡಗಿದ. ಅದು ಅವನ ಕೈಯಲ್ಲೇ ಇತ್ತು.

"ಚರ್ಮದ ತಪ್ಪಲ್ಲ ಸಾರ್. ನನ್ನ ಕೈಯದು. ಪ್ಲೇಟ್ ಹಾಕಿದ್ದಾರೆ, ಹಿಡಿತ ಇಲ್ಲ. ಬೇರೆ ಯಾರಾದ್ರೂ..."

"ಕೈ ವಿಷಯ ನಾನು ಕೇಳಿಲ್ಲ. ಎಡಗಡೆ ಸರಿ ಇಲ್ಲ ಅಂದೆ, ಅಷ್ಟೇ." ಪೆಟ್ಟಿಗೆಯನ್ನು ಕೌಂಟರಿನ ಮೇಲೇ ಬಿಟ್ಟರು. "ಇನ್ನೂ ಹದಿನಾಲ್ಕು ದಿನ ಇದೆ."

ಜೂನ್ 19

ಐದು ದಿನ ಬರೆಯಲಿಲ್ಲ. ಚೆಂಡೂ ಹಿಸುಕಲಿಲ್ಲ. ಕೌಂಟರಿನಲ್ಲಿ ಕೂತು ಬಿಲ್ ಬರೆದೆ, ಫೋನ್ ತೆಗೆದುಕೊಂಡೆ. ಪೆಟ್ಟಿಗೆಯನ್ನು ಕಾಣದ ಕಡೆ ಎತ್ತಿಟ್ಟಿದ್ದೆ. ಕಾಣದಿದ್ದರೂ ಅದು ಎಲ್ಲಿದೆಯೆಂದು ಬೆನ್ನಿಗೆ ಗೊತ್ತಿರುತ್ತಿತ್ತು.

ಇವತ್ತು ಪಕ್ಕದ ಅಂಗಡಿಯ ಬಡಗಿ ಮುರಿದ ಕುರ್ಚಿಕಾಲಿಗೆ ಅಂಟು ಹಾಕಿ, ಕ್ಲ್ಯಾಂಪ್ ಬಿಗಿದು, ಚಹಾ ಕುಡಿಯಲು ಹೊರಟ. ಕೈಯಿಂದ ಹಿಡಿದುಕೊಂಡು ಕೂರಲಿಲ್ಲ. ಸ್ಕ್ರೂ ಹಿಡಿದುಕೊಂಡಿತ್ತು.

ಹೊಳೆದದ್ದೇ ತಡ, ಚಹಾ ಕುಡಿಯಲು ಬಿಡದೆ ಎಳೆದು ತಂದೆ. "ಅಣ್ಣ, ಮೊಟ್ಟೆ ಆಕಾರದಲ್ಲಿ ಎರಡು ಅಚ್ಚು. ಸುತ್ತ ಕಾಲುವೆ. ಮೇಲೊಂದು ಬಳೆ, ನಾಲ್ಕು ಸ್ಕ್ರೂ. ಎರಡೂ ಅಚ್ಚು ಅವಳಿ ಮಕ್ಕಳ ಹಾಗಿರಬೇಕು."

"ಯಾತಕ್ಕಮ್ಮ?"

"ಚರ್ಮ ಎಳೆಯೋಕೆ. ನನ್ನ ಬೆರಳು ಮಾಡೋ ಕೆಲಸ ಸ್ಕ್ರೂ ಮಾಡ್ಲಿ."

ಅವನು ತಲೆ ಕೆರೆದುಕೊಂಡ. ಆಮೇಲೆ ಪೆನ್ಸಿಲ್ ಕೇಳಿದ.

ಜೂನ್ 22, ಸಂಜೆ

ಅಚ್ಚು ಬಂತು. ನುಣುಪು ನೋಡಿದರೆ ಕೆನ್ನೆಗೆ ಒತ್ತಿಕೊಳ್ಳುವಂತಿದೆ. ಸ್ಕ್ರೂ ಕಾಲು ಸುತ್ತು, ಕಾಲು ಸುತ್ತು — ನಾಲ್ಕೂ ಕಡೆ ಸಮ. ಚರ್ಮ ಡೋಲಿನ ಹಾಗೆ ಬಿಗಿದುಕೊಂಡಿತು. ಕೈಗೆ ಉಳಿದದ್ದು ಸೂಜಿ ಹಾಯಿಸುವುದೊಂದೇ. ಅದನ್ನು ಕೈ ಮರೆತಿಲ್ಲ.

ಇನ್ನೊಂದು ಬದಲಾವಣೆ. ಕಿವಿ ಸಾರ್ ಕನ್ನಡಕದ ಕಡ್ಡಿ ಕುಶನ್ನನ್ನು ಎತ್ತಿ ಗಾಳಿಗೆ ದಾರಿ ಮಾಡುತ್ತದೆ. ಆ ಜಾಗದಲ್ಲಿ ಫೋಮನ್ನು ಕೊಂಚ ಕೊರೆದು, ಇನ್ನೂ ಮೃದುವಾದದ್ದು ತುಂಬಿದೆ. ಇದನ್ನು ಅವರು ಕೇಳಿರಲಿಲ್ಲ. ಅವರ ಮೂಗಿನ ಮೇಲಿರುವುದನ್ನು ನಾನು ನೋಡಿದ್ದೆ.

ಜೂನ್ 23

ಬಂದರು. ಹಾಕಿಕೊಂಡರು. ಹಾಡು ಎಷ್ಟುದ್ದವೋ, ಮುಗಿಯುವುದೇ ಇಲ್ಲ. ತಮ್ಮ ಮಷಿನ್ ನಿಲ್ಲಿಸಿ ನಿಂತ. ಬಡಗಿಯೂ ಬಾಗಿಲಿಗೆ ಬಂದ, ತನ್ನ ಅಚ್ಚಿನ ಮರ್ಯಾದೆ ನೋಡಲು.

ಕಿವಿ ಸಾರ್ ಕಣ್ಣು ತೆರೆಯದೆ ಹೇಳಿದರು: "ನಡುವೆ ಬಂದು ನಿಂತ್ರು."

ಅಷ್ಟೇ. ನಾನು ಬಿಡಲಿಲ್ಲ: "ಕನ್ನಡಕ ತೆಗೆದು ಒಂದ್ಸಲ, ಹಾಕ್ಕೊಂಡು ಒಂದ್ಸಲ ಕೇಳಿ. ವ್ಯತ್ಯಾಸ ಇದ್ರೆ ಹೇಳಿ."

ತೆಗೆದರು, ಹಾಕಿದರು. ಇರಲಿಲ್ಲ. "ಇದು ಕಂಪನಿಯವರಿಗೂ ತೋಚಿರ್ಲಿಲ್ಲ," ಅಂದರು.

ಮನೆಗೆ ನಡೆದುಕೊಂಡೇ ಬಂದೆ. ದಾರಿಯಲ್ಲಿ ಹೋದ ಒಂದೊಂದು ಬೈಕಿನ ಸೀಟನ್ನೂ ನೋಡಿದೆ. ಮೂರು ನನ್ನವು.

ಜುಲೈ 1

ಕಿವಿ ಸಾರ್ ಫೋನ್. ರೆಕಾರ್ಡಿಂಗ್ ಒಪ್ಪಿಸಿದ್ದಾಯಿತು. ಹಾಡಿದವರ ಮಗಳು ಬಂದು ಕೇಳಿದಳಂತೆ. ಪೂರ್ತಿ ಕೇಳಿ, "ಅಮ್ಮ ಹತ್ರಾನೇ ಇದ್ದಾಳೆ" ಅಂದಳಂತೆ. ಕುಶನ್ ವಿಷಯ ಅವಳಿಗೆ ಗೊತ್ತಿಲ್ಲ. ಗೊತ್ತಾಗಬೇಕಾಗಿಯೂ ಇಲ್ಲ. ನನಗೆ ಗೊತ್ತಿದೆಯಲ್ಲ.

ಇನ್ನೊಂದು ವಿಷಯ. ಅವರ ಸ್ಟುಡಿಯೋದಲ್ಲಿ ಕೆಲಸ ಮಾಡುವ ಮೂವರು ಹುಡುಗಿಯರಿಗೆ ಹೊಸ ಹೆಡ್‌ಫೋನ್ ಆರಿಸಬೇಕಂತೆ. "ನೀವೂ ಬನ್ನಿ. ನಾನು ಕಿವಿಯಿಂದ ನೋಡ್ತೀನಿ, ನೀವು ಕೈಯಿಂದ ನೋಡಿ."

ಜುಲೈ 11

ಶೋರೂಮ್. ಸದ್ದೇ ಇಲ್ಲದ ಕೋಣೆ, ಕಾಲಿಟ್ಟರೆ ಹೂತುಹೋಗುವ ಕಾರ್ಪೆಟ್. ಸೇಲ್ಸ್‌ನವನು ಗಾಜಿನ ಕಪಾಟಿನಿಂದ ಎಲ್ಲಕ್ಕಿಂತ ದುಬಾರಿಯದನ್ನು ಎರಡೂ ಕೈಯಲ್ಲಿ ತಂದ. ಕೇಳಿದೆ. ಚೆನ್ನಾಗಿತ್ತು, ಸುಳ್ಳೇಕೆ. ಆಮೇಲೆ ಉಗುರಿನಿಂದ ಕುಶನ್ನಿನ ಅಂಚು ತಡವಿದೆ.

"ಇದು ಬಿಚ್ಚೋಕೆ ಬರುತ್ತಾ?"

"ಅಂಟಿಸಿರೋದು ಮೇಡಂ. ಪ್ರೀಮಿಯಂ ಫಿನಿಶ್."

"ಮೂರು ವರ್ಷಕ್ಕೆ ಬೆವರಿಗೆ ಉದುರುತ್ತೆ. ಆಗ?"

"ಅಷ್ಟ್ರಲ್ಲಿ ಹೊಸ ಮಾಡೆಲ್ ಬಂದಿರುತ್ತೆ ಮೇಡಂ!"

ನಾನೂ ಕಿವಿ ಸಾರೂ ಮುಖ ಮುಖ ನೋಡಿಕೊಂಡೆವು.

ಆಮೇಲೆ ಜಗಳ, ನಮ್ಮಿಬ್ಬರದೇ. ಅವರು ಮೆಚ್ಚಿದ್ದು ಒಂದು ಭಾರದ್ದು. ನಾನು ಅದನ್ನು ಅರ್ಧ ಗಂಟೆ ತಲೆಯ ಮೇಲಿಟ್ಟುಕೊಂಡು ಕೂತೆ. ನೆತ್ತಿ ನೋಯತೊಡಗಿತು. "ದಿನಾ ಎಂಟು ಗಂಟೆ ಹಾಕ್ಕೊಳೋ ಹುಡುಗೀರು ಸಾರ್. ನೆತ್ತಿ ನೋಯ್ತಿದ್ರೆ ಕಿವಿ ಏನು ಕೇಳುತ್ತೆ?" ನನ್ನ ಆಯ್ಕೆ ನೋಡಲು ಸಾದಾ. ತಲೆಪಟ್ಟಿ ಅಗಲ, ಕುಶನ್ ಸಿಕ್ಕಿಸಿ ತೆಗೆಯಬಹುದು, ವೈರು ಬೇರ್ಪಡಿಸಿ ಬದಲಾಯಿಸಬಹುದು. ಕಡೆಗೆ ಹುಡುಗಿಯರಿಗೆ ನನ್ನದು ಮೂರು, ತಮಗೆ ತಾವು ಮೆಚ್ಚಿದ್ದು ಒಂದು ತೆಗೆದುಕೊಂಡರು. ಸೋತೆ ಅನ್ನಲಿಲ್ಲ. ನಾನೂ ಗೆದ್ದೆ ಅನ್ನಲಿಲ್ಲ. ಇಲ್ಲಿ ಬರೆಯಬಹುದು: ಗೆದ್ದೆ.

ಹೊರಡುವಾಗ ನಾನು ಆರಿಸಿದ್ದರಲ್ಲೇ ಇನ್ನೊಂದು, ನನ್ನ ದುಡ್ಡಿನಲ್ಲಿ. ನನಗೆ.

ಜುಲೈ 12

ತಮ್ಮ ಪೆಟ್ಟಿಗೆ ನೋಡಿ ತಲೆಯ ಮೇಲೆ ಕೈ ಹೊತ್ತ. "ಅಕ್ಕ, ಇಷ್ಟಕ್ಕೆ ಒಂದು ಸೆಕೆಂಡ್‌ಹ್ಯಾಂಡ್ ಬೈಕ್ ಬರ್ತಿತ್ತು!"

"ಬೈಕ್ ಮೇಲೆ ಕೂರೋರಿಗೆ ಹೊಲಿದು ಸಾಕಾಗಿದೆ. ನಾನೂ ಒಂದ್ಕಡೆ ಕೂತು ಕೇಳ್ತೀನಿ."

ಮನೆಯ ಕಾನೂನು ಬರೆದು ಕಪಾಟಿಗೆ ಅಂಟಿಸಿದೆ. ತಲೆಗೆ ಎಣ್ಣೆ ಹಚ್ಚಿದವರು ಮುಟ್ಟಬಾರದು. ಬಳಸಿದ ಮೇಲೆ ಒಣ ಬಟ್ಟೆಯಲ್ಲಿ ಒರೆಸುವುದು, ಸ್ಪಿರಿಟ್ ಹಾಕಿದರೆ ಚರ್ಮ ಬಿರಿಯುತ್ತದೆ. ಮೊಳೆಗೆ ನೇತುಹಾಕಬಾರದು, ತಲೆಪಟ್ಟಿಯಲ್ಲಿ ಗುಳಿ ಬೀಳುತ್ತದೆ. (ಬಡಗಿ ಅಗಲ ಬೆನ್ನಿನ ಸ್ಟ್ಯಾಂಡು ಮಾಡಿಕೊಟ್ಟಿದ್ದಾನೆ.) ವೈರನ್ನು ಬಿಗಿಯಾಗಿ ಸುತ್ತಬಾರದು. ಬಿಸಿಲು ಬೀಳುವ ಕಿಟಕಿಯ ಹತ್ತಿರ ಬೇಡ. ಕಿವಿಗೆ ಪಟಕ್ಕನೆ ಒತ್ತಬಾರದು.

ತಮ್ಮ ನಿಂತು ಓದಿದ. "ಇದಕ್ಕಿಂತ ಹಸುಗೂಸು ಸಾಕೋದು ಸುಲಭ." ಹೋಗಿ ತಲೆ ತೊಳೆದುಕೊಂಡು ಬಂದ. ಕೈ ಚಾಚಿದ.

ಒಂದು ಹಾಡು ಅಂದವನು ನಾಲ್ಕು ಕೇಳಿದ.

ಜುಲೈ 26

ಫಿಸಿಯೋ ಮೇಡಂ ಹಿಡಿತ ಅಳೆದರು. ಹೋದ ತಿಂಗಳಷ್ಟೇ ಇದೆ. "ಇನ್ನು ಹೆಚ್ಚಾಗದೇ ಇರಬಹುದು," ಅಂದರು ಮೆಲ್ಲಗೆ, ನಾನು ಅಳುತ್ತೇನೋ ಎಂಬಂತೆ.

"ಇಷ್ಟಿದ್ರೆ ಸಾಕು ಮೇಡಂ. ಉಳಿದದ್ದಕ್ಕೆ ಸ್ಕ್ರೂ ಇದೆ."

ಅವರಿಗೆ ಅರ್ಥವಾಗಲಿಲ್ಲ. ವಿವರಿಸಲು ಕೂತೆ. ಮುಂದಿನ ಪೇಷಂಟು ಕೆಮ್ಮುವ ತನಕ ಹೇಳಿದೆ.

ಆಗಸ್ಟ್ 9, ಬೆಳಿಗ್ಗೆ 11, ಅಂಗಡಿಯಲ್ಲೇ

ಕಿವಿ ಸಾರ್ ಯಾರಿಗೋ ಹೇಳಿ, ಆ ಯಾರೋ ಇನ್ಯಾರಿಗೋ ಹೇಳಿ, ಈ ವಾರ ಏಳು ಪೆಟ್ಟಿಗೆ ಬಂದಿವೆ. ಒಬ್ಬರದು ಚಿಕ್ಕ ಕಿವಿ, ಒಬ್ಬರಿಗೆ ಚರ್ಮ ಆಗದು, ಮಖಮಲ್ಲೇ ಬೇಕು. ತಮ್ಮ ತನ್ನ ಕತ್ತರಿಸುವ ಮೇಜನ್ನು ತಾನೇ ಹಿಂದಕ್ಕೆ ತಳ್ಳಿ, ಬೆಳಕು ಬೀಳುವ ಜಾಗ ನನಗೆ ಬಿಟ್ಟ. ಕೌಂಟರಿನಲ್ಲಿ ಈಗ ಅವನೇ. ಫೋನೂ ಅವನೇ ತೆಗೆಯುತ್ತಾನೆ: "ಹೆಡ್‌ಫೋನಾ? ತಾಳಿ, ಅಕ್ಕನ್ನ ಕೇಳ್ಬೇಕು."

ಇವತ್ತು ಬೋರ್ಡು ಬರೆಯುವವನನ್ನು ಕರೆಸಿದ್ದಾನೆ, ನನ್ನನ್ನು ಕೇಳದೆ. ಏಣಿ ಹಾಕಿಯಾಗಿದೆ. ಮೊದಲ ಸಾಲು 'ಸೀಟ್ ಕವರ್' ಇದ್ದಲ್ಲೇ ಇರಲಿ ಅಂದೆ. ಎರಡನೆಯ ಸಾಲು 'ಹೆಡ್‌ಫೋನ್ ಕುಶನ್' ಕೆಳಗೆ, ಮೂಲೆಯಲ್ಲಿ, ಸಣ್ಣಕ್ಷರದಲ್ಲಿ ಬರೆಯಲಾ ಅಂತ ಬೋರ್ಡಿನವನು ಮೇಲಿಂದ ಕೂಗುತ್ತಿದ್ದಾನೆ. ತಮ್ಮ ಕೆಳಗಿನಿಂದ, "ಅಕ್ಕ, ನೀನೇ ಹೇಳು!"

ಸಣ್ಣಕ್ಷರವೇ? ಎದ್ದೆ. ಅಳತೆಪಟ್ಟಿ ತೆಗೆದುಕೊಂಡೇ ಹೋಗುತ್ತೇನೆ. ಎರಡೂ ಸಾಲು ಒಂದೇ ಎತ್ತರ, ಒಂದು ಮಿಲಿಮೀಟರೂ —