ಎಸ್ಕೊಲಾಸ್ತಿಕ್ ಅತ್ತೆಯ ಮರಣದಾಖಲೆ

ಶಿರ್ಲಾಂವ್, ಸಾಲ್ಸೆತ್
21 ನವೆಂಬರ್ 1998

ಪ್ರೀತಿಯ ತಮ್ಮ ತೆಲೆಸ್‌ಗೆ,

ನಾಗಪುರದ ಚಳಿಯಲ್ಲಿ ನೀನೂ ನಿನ್ನ ಹೆಂಡತಿಯೂ ಬೆಚ್ಚಗಿದ್ದೀರಿ ಎಂದುಕೊಳ್ಳುತ್ತೇನೆ. ಆಗಸ್ಟಿನಲ್ಲಿ ನೀನು ಬರೆದ ಕಾಗದಕ್ಕೆ ಈಗ ಉತ್ತರ ಬರೆಯುತ್ತಿದ್ದೇನೆ. ಬೈಯುವುದಿದ್ದರೆ ಪೂರ್ತಿ ಓದಿದ ಮೇಲೆ ಬೈ. ಆಗ ನಿನಗೆ ಬಾಯಿ ಬರುವುದಿಲ್ಲ ಎಂದು ನನಗೆ ಗೊತ್ತು.

ನಿನ್ನ ವಂಶವೃಕ್ಷದ ಹುಚ್ಚು ನನಗೂ ಅಂಟಿತು ಮಾರಾಯ. ರೈಲ್ವೆಯವನಲ್ಲವೇ ನೀನು, ಯಾರು ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೊರಟರು ಎಂಬುದು ಬೇಕೇ ಬೇಕು. ಅಜ್ಜ, ಅಜ್ಜಿ, ದೊಡ್ಡಪ್ಪ, ಇವರ ಮರಣದಾಖಲೆಗಳು ಒಂದೇ ವಾರದಲ್ಲಿ ಸಿಕ್ಕವು. ನಮ್ಮ ಇಗರ್ಜಿಯ ಪುಸ್ತಕದಲ್ಲಿ ಸಾಲಾಗಿ ಮಲಗಿದ್ದರು. ನಕಲುಗಳನ್ನು ಇದರ ಜೊತೆಗೆ ಇಟ್ಟಿದ್ದೇನೆ. ಅಜ್ಜ ಸತ್ತದ್ದು ಎದೆನೋವಿನಿಂದಲ್ಲ, ಹಲಸಿನ ಮರದಿಂದ ಬಿದ್ದು. ಎಪ್ಪತ್ತೊಂದರ ವಯಸ್ಸಿನಲ್ಲಿ ಅಲ್ಲಿ ಏನು ಮಾಡುತ್ತಿದ್ದನೋ, ಅದನ್ನು ಪಾದ್ರಿ ಬರೆದಿಲ್ಲ.

ಸಿಗದೆ ಉಳಿದವಳು ಎಸ್ಕೊಲಾಸ್ತಿಕ್ ಅತ್ತೆ ಒಬ್ಬಳೇ. ಅಪ್ಪನ ಒಬ್ಬಳೇ ತಂಗಿ. ನನಗೆ ನಾಲ್ಕು ವರ್ಷವಾಗಿದ್ದಾಗ ಮಡಗಾಂವಿನಲ್ಲಿ ಜ್ವರ ಬಂದು ಸತ್ತಳು, ಅಂಟುರೋಗವಾದ್ದರಿಂದ ಅಲ್ಲೇ ಮಣ್ಣು ಮಾಡಿದರು ಎಂದು ಅಪ್ಪ ಹೇಳುತ್ತಿದ್ದದ್ದು ನಿನಗೂ ನೆನಪಿರಬೇಕು. ಅವಳ ಮಾತು ತೆಗೆದರೆ ಊಟ ಬಿಟ್ಟು ಏಳುತ್ತಿದ್ದ. ದುಃಖ ಎಂದುಕೊಂಡು ನಾವೂ ಸುಮ್ಮನಾಗುತ್ತಿದ್ದೆವು.

ಮಡಗಾಂವಿನ ನೋಂದಣಿ ಕಚೇರಿಗೆ ಹೋದೆ. ಅರ್ಜಿಯಲ್ಲಿ ಹೆಸರು, ತಂದೆಯ ಹೆಸರು, ಸತ್ತ ವರ್ಷ, ನಿಮಗೇನಾಗಬೇಕು, ಯಾಕೆ ಬೇಕು ಎಂದೆಲ್ಲ ಕೇಳಿದ್ದರು. ತುಂಬಿಸಿಕೊಟ್ಟೆ. ಕನ್ನಡಕದ ಗುಮಾಸ್ತ ಒಳ್ಳೆಯವನು. 1947ರ ಪುಸ್ತಕ ನೋಡಿದ. ವರ್ಷ ತಪ್ಪಿರಬಹುದೆಂದು ಹಿಂದೆ ಐದು, ಮುಂದೆ ಐದು ವರ್ಷ ನೋಡಿದ. ಹದಿನೈದು ದಿನ ಬಿಟ್ಟು ಬರಲು ಹೇಳಿ ಮತ್ತೂ ನೋಡಿದ. ಕೊನೆಗೆ ಕನ್ನಡಕ ತೆಗೆದು ಕೇಳಿದ, "ಬಾಯಿಯವರೇ, ತಪ್ಪು ತಿಳೀಬೇಡಿ. ಇವರು ಸತ್ತಿದ್ದಾರಂತ ನಿಮಗೆ ಹೇಳಿದ್ದು ಯಾರು?"

"ನಮ್ಮಪ್ಪ."

"ಅವರು ಕಣ್ಣಾರೆ ನೋಡಿದ್ರಾ?"

ನನಗೆ ಸಿಟ್ಟು ಬಂತು. "ಇಲ್ಲ ಅಂದ್ರೆ ಇಲ್ಲ ಅಂತ ಬರೆದುಕೊಡಿ" ಎಂದೆ. ಬರೆದೇ ಕೊಟ್ಟ, ಮೊಹರು ಹೊಡೆದು: ಈ ಹೆಸರಿನ ವ್ಯಕ್ತಿಯ ಮರಣ ನಮ್ಮ ಪುಸ್ತಕಗಳಲ್ಲಿ ದಾಖಲಾಗಿಲ್ಲ.

ಸತ್ತ ದಿನ ಸಿಗದಿದ್ದರೆ ಹೋಗಲಿ, ಹುಟ್ಟಿದ ದಿನವಾದರೂ ನಿನಗೆ ಕಳಿಸೋಣವೆಂದು ನಮ್ಮ ಪಾದ್ರಿಯ ಹತ್ತಿರ ಜ್ಞಾನಸ್ನಾನದ ಪುಸ್ತಕ ತೆಗೆಸಿದೆ. ಅವರು ಓದುತ್ತಾ ಓದುತ್ತಾ ಅಂಚಿನ ಮೇಲೆ ಬೆರಳಿಟ್ಟು ನಿಂತುಬಿಟ್ಟರು. ಯಾರಿಗಾದರೂ ಬೇರೆ ಊರಿನಲ್ಲಿ ಮದುವೆಯಾದರೆ ಅಲ್ಲಿನ ಪಾದ್ರಿ ಇಲ್ಲಿಗೆ ತಿಳಿಸುತ್ತಾರೆ, ಅದನ್ನು ಹುಟ್ಟಿನ ಸಾಲಿನ ಪಕ್ಕದಲ್ಲಿ ಬರೆದಿಡುತ್ತಾರಂತೆ. ಅಲ್ಲಿ ಪೋರ್ತುಗೀಸಿನಲ್ಲಿ ಒಂದು ಸಾಲು ಇತ್ತು. ಎಸ್ಕೊಲಾಸ್ತಿಕಾ, 1947 ಫೆಬ್ರವರಿ 9, ಕಾಸ್ಮೊಳೆ ಇಗರ್ಜಿಯಲ್ಲಿ ಮದುವೆ. ವರ, ವಿತೊರಿನೊ, ಕಳ್ಳು ಇಳಿಸುವವನು.

ವಿತೊರಿನ್, ತೆಲೆಸ್! ನಮ್ಮದೇ ತೆಂಗಿನ ಮರ ಹತ್ತುತ್ತಿದ್ದವನು. ನಮ್ಮ ಅಂಗಳದಾಚೆಗೆ ನಿಲ್ಲಬೇಕಾಗಿದ್ದ ಜನ. ಅಪ್ಪ ಹೇಳುತ್ತಿದ್ದ ಜ್ವರದ ಕಥೆ ನನಗೆ ಆಗ ಅರ್ಥವಾಯಿತು.

ಮರುದಿನವೇ ಬಸ್ಸು ಹಿಡಿದು ಝುವಾರಿ ಹೊಳೆ ದಾಟಿ ಕಾಸ್ಮೊಳೆಗೆ ಹೋದೆ. ಅಲ್ಲಿ ಮರಣದ ಪುಸ್ತಕ ನೋಡಿಕೊಳ್ಳುವವನು, ಗಂಟೆ ಹೊಡೆಯುವವನು, ಬಾಗಿಲು ತೆರೆಯುವವನು ಎಲ್ಲ ಒಬ್ಬನೇ, ಲೂರ್ದಿನ್ ಎಂಬ ಮುದುಕ. ವಿತೊರಿನನ ಹೆಸರು ಬೇಗ ಸಿಕ್ಕಿತು, 1989ರಲ್ಲಿ ತೀರಿಕೊಂಡಿದ್ದ.

"ಅವನ ಹೆಂಡತಿ ಸತ್ತಿದ್ದು ಯಾವಾಗ ಅಂತ ನೋಡಿ" ಎಂದೆ.

ಲೂರ್ದಿನ್ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಯಾರ ಹೆಂಡತಿ?"

"ವಿತೊರಿನನ ಹೆಂಡತಿ, ಎಸ್ಕೊಲಾಸ್ತಿಕ್. ಅವರ ಮರಣದಾಖಲೆಯ ನಕಲು ಬೇಕಿತ್ತು."

"ಇವತ್ತೇ ಬೇಕಾ?"

"ಇವತ್ತೇ ಸಿಕ್ಕರೆ ಒಳ್ಳೆಯದು."

"ಕಷ್ಟ ಆಗುತ್ತಲ್ಲ ಬಾಯಿಯವರೇ" ಎಂದು ಪುಸ್ತಕ ಮುಚ್ಚಿದ. "ಬೆಳಿಗ್ಗೆ ತಾನೇ ಪೂಜೆಗೆ ಬಂದು, ಗಂಟೆ ಎರಡು ನಿಮಿಷ ತಡವಾಯ್ತು ಅಂತ ನನಗೆ ಬೈದು ಹೋಗಿದ್ದಾಳೆ."

ನಾನು ಬೆಂಚಿನ ಮೇಲೆ ಕುಳಿತುಬಿಟ್ಟೆ. ಲೂರ್ದಿನನಿಗೆ ನಗು ತಡೆಯಲಾಗಲಿಲ್ಲ. ನೀರು ಕೊಟ್ಟ, ಮನೆಯವರೆಗೆ ತಾನೇ ಕರೆದುಕೊಂಡು ಹೋದ, ದಾರಿಯಲ್ಲಿ ಸಿಕ್ಕ ಸಿಕ್ಕವರಿಗೆಲ್ಲ, "ನಮ್ಮ ಎಸ್ಕೊಲಾಸ್ತಿಕಳ ಸಾವು ಹುಡುಕಿಕೊಂಡು ಬಂದಿದ್ದಾರೆ ನೋಡಿ" ಎಂದು ಹೇಳಿದ. ನಾವು ತಲುಪುವಷ್ಟರಲ್ಲಿ ಹಿಂದೆ ಹತ್ತು ಜನ ಇದ್ದರು.

ಅತ್ತೆ ಅಂಗಳದಲ್ಲಿ ಕುಳಿತು ಬಂಗಡೆ ಮೀನು ಹಸನು ಮಾಡುತ್ತಿದ್ದಳು. ಎಪ್ಪತ್ತಮೂರು ವರ್ಷ, ಅಪ್ಪನದೇ ಮೂಗು, ಅಪ್ಪನದೇ ಗಂಟುಹುಬ್ಬು. ಒಂದೇ ನೋಟಕ್ಕೆ ಗುರುತು ಹಿಡಿದಳು.

"ಎರ್ಮೆಲಿನ್ ಅಲ್ವೇನೇ? ಜುಸ್ತಿನನ ಮಗಳು?"

ಬಾಯಿಗೆ ಬಂದದ್ದನ್ನು ಹೇಳಿದೆ. "ಅತ್ತೆ, ನಿಮ್ಮ ಮರಣದಾಖಲೆ ಎಲ್ಲೂ ಸಿಗಲಿಲ್ಲ."

"ಸಿಗೋ ಹಾಗೆ ಮಾಡ್ತೀನಿ, ಸ್ವಲ್ಪ ತಾಳು, ಮೀನು ಮುಗೀಲಿ" ಎಂದಳು. ಆಮೇಲೆ ಕತ್ತಿ ಕೈಯಿಂದ ಜಾರಿತು. ಮೀನಿನ ಕೈಯಲ್ಲೇ ನನ್ನನ್ನು ಅಪ್ಪಿಕೊಂಡಳು. ನನ್ನ ನೀಲಿ ಹೂವಿನ ಉಡುಪಿನ ಬೆನ್ನ ತುಂಬ ಬಂಗಡೆಯ ಪೊರೆ. ಇನ್ನೂ ಒಗೆದಿಲ್ಲ.

ಕಚೇರಿಯ ಕಾಗದ ತೋರಿಸಿದೆ. ಮೊಮ್ಮಗಳಿಂದ ಎರಡೆರಡು ಸಲ ಓದಿಸಿದಳು. "ನಾನು ಸತ್ತಿಲ್ಲ ಅಂತ ಸರಕಾರವೇ ಬರೆದುಕೊಟ್ಟಿದೆ! ಐವತ್ತೊಂದು ವರ್ಷದಿಂದ ಈ ಕಾಗದಕ್ಕೆ ಕಾಯ್ತಿದ್ದೆ ಕಣೇ" ಎಂದು ನಕ್ಕಳು. ನಿನಗೆಂದು ಇಟ್ಟುಕೊಂಡಿದ್ದ ಕಾಗದ ಅದು. ಅತ್ತೆ ವಾಪಸ್ ಕೊಡಲೇ ಇಲ್ಲ. ಚೌಕಟ್ಟು ಹಾಕಿಸಿ ಮಾತೆಯ ಚಿತ್ರದ ಪಕ್ಕದಲ್ಲಿ ನೇತುಹಾಕಿದ್ದಾಳೆ. ನಿನಗೆ ಫೋಟೋ ಕಳಿಸುತ್ತೇನೆ.

ಮೂರು ಮಕ್ಕಳು, ಏಳು ಮೊಮ್ಮಕ್ಕಳು. ದೊಡ್ಡವನು ಪಿಟೀಲು ನುಡಿಸುತ್ತಾನೆ, ನಡುವಿನವಳು ಶಾಲೆಯ ಟೀಚರು, ಕಿರಿಯವನು ದೋಣಿಗೆ ಇಂಜಿನ್ ಕೂರಿಸುವವನು. ಅಂದು ಮಧ್ಯಾಹ್ನ ಎಲ್ಲರೂ ಬಂದು ಸೇರಿದರು. ನಕ್ಕೆವು, ಅತ್ತೆವು, ಮತ್ತೆ ನಕ್ಕೆವು. ಅತ್ತೆ ಅಪ್ಪನ ಬಗ್ಗೆ ಒಂದು ಕೆಟ್ಟ ಮಾತನ್ನೂ ಆಡಲಿಲ್ಲ. "ಅವನಿಗೆ ಹಟ, ನನಗೂ ಹಟ. ಒಂದೇ ತಾಯಿಯ ಹಾಲು ಕುಡಿದವರು" ಎಂದಳು, ಅಷ್ಟೇ. ನಮ್ಮೂರಿನ ಮೇಲಿನ ಬೀದಿಯ ಮುದುಕರಿಗೆಲ್ಲ ಇದು ಮೊದಲಿಂದ ಗೊತ್ತಿತ್ತಂತೆ. ತೋಟದ ಒಡೆಯರು, ಭಾಟ್‌ಕಾರರ ಮಕ್ಕಳು ಎಂದು ನಮ್ಮ ಮುಂದೆ ಯಾರೂ ಬಾಯಿ ಬಿಟ್ಟಿರಲಿಲ್ಲ.

ಕ್ರಿಸ್‌ಮಸ್ಸಿಗೆ ಅವರೆಲ್ಲ ನಮ್ಮ ಮನೆಗೆ ಬರುತ್ತಾರೆ. ಅತ್ತೆ ಮುಂದಿನ ಬಾಗಿಲಿನಿಂದಲೇ ಬರಬೇಕು, ನೀನು ಕೈ ಹಿಡಿದು ಕರೆತರಬೇಕು. ರಜೆ ಸಿಗುವುದಿಲ್ಲ ಎಂಬ ನೆಪ ನನಗೆ ಹೇಳಬೇಡ. ಹಂದಿಯ ಸೊರ್ಪೊತೆಲ್ ನಾನು ಮಾಡುತ್ತೇನೆ, ಸಿಹಿಗೆ ಬೆಬಿಂಕ ಅತ್ತೆ ತರುತ್ತಾಳೆ. ನೀನು ವಂಶವೃಕ್ಷ ತಾ, ದೊಡ್ಡ ಹಾಳೆಯ ಮೇಲೆ ಬರೆದುಕೊಂಡು ತಾ.

ನಿನಗೂ ನಿನ್ನ ಮನೆಯವರಿಗೂ ದೇವರು ಒಳ್ಳೆಯದು ಮಾಡಲಿ. ನಿನ್ನ ಮಂಡಿನೋವು ಇಳಿಯಲಿ, ನಿನ್ನ ರೈಲುಗಳು ಹೊತ್ತಿಗೆ ಸರಿಯಾಗಿ ಬರಲಿ.

ನಿನ್ನ ಅಕ್ಕ,
ಎರ್ಮೆಲಿನ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಹೊರಡುವಾಗ ಅತ್ತೆ ನನ್ನ ಕೈ ಹಿಡಿದು, "ನಿನ್ನ ಕೈಯಡುಗೆ ನಾನು ಒಮ್ಮೆ ಉಂಡಿದ್ದೀನಿ" ಎಂದಳು. ಯಾವಾಗ ಎಂದೆ. ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡಾಗ ಅವನ ಹೆಸರಿನಲ್ಲಿ ನಾವು ಭಿಕ್ಷುಕರನ್ನು ಕೂರಿಸಿ ಊಟ ಹಾಕಿದೆವಲ್ಲ, ಆ ಪಂಕ್ತಿಯಲ್ಲಿ ತಲೆಯ ಮೇಲೆ ಸೆರಗು ಎಳೆದುಕೊಂಡು ಕುಳಿತಿದ್ದಳಂತೆ. ನೆನಪಾಯಿತು ತೆಲೆಸ್. ಉಣ್ಣುವುದು ಬಿಟ್ಟು ಗೋಡೆಯ ಮೇಲಿನ ಅಜ್ಜಿಯ ಫೋಟೋ ನೋಡುತ್ತಿದ್ದ ಮುದುಕಿಗೆ, "ಬೇಗ ಉಂಡು ಏಳಮ್ಮ, ಮನೆ ನೋಡೋಕೆ ಬಂದೆಯಾ?" ಎಂದು ಗದರಿಸಿದ್ದೆ. "ಆಗಲೇ ಯಾಕೆ ಹೇಳಲಿಲ್ಲ ಅತ್ತೆ?" ಎಂದು ಕೇಳಿದೆ. "ಅಣ್ಣನ ಮನೆಯ ಅನ್ನ ಒಂದು ಸಲ ಉಣ್ಣಬೇಕಿತ್ತು. ಹೇಳಿದ್ರೆ ನೀನು ಎಬ್ಬಿಸಿಬಿಟ್ಟರೆ?" ಎಂದಳು. ಎಬ್ಬಿಸುತ್ತಿರಲಿಲ್ಲ ಎಂದು ಅವಳೆದುರು ಆಣೆ ಇಟ್ಟು ಹೇಳಿ ಬಂದಿದ್ದೇನೆ. ನಿನ್ನೆದುರು ಆ ಆಣೆ ಇಡಲಾರೆ.