ವ್ಯಾನಿನ ಭಾರ ಇಳಿಸಿದ್ದರ ಬಗ್ಗೆ

ಪ್ರೀತಿಯ ನಟ್ಟು,

ಈ ಕಾಗದವನ್ನು ಇಂಗ್ಲಿಷಿನಲ್ಲಿ ಬರೆಯೋಣವೆಂದು ಕೂತಿದ್ದೆ. ಕಾಲೇಜಿನಲ್ಲಿ ನಮಗೆ ಪತ್ರ ಬರೆಯುವುದನ್ನು ಕಲಿಸಿದ ಮೇಷ್ಟ್ರು, ಕೆಟ್ಟ ಸುದ್ದಿಯನ್ನು ‘ಐ ರಿಗ್ರೆಟ್ ಟು ಇನ್‌ಫಾರ್ಮ್ ಯು’ ಎಂದೇ ಶುರು ಮಾಡಬೇಕು, ಆಮೇಲೆ ಹಾದಿ ಸಲೀಸು ಎನ್ನುತ್ತಿದ್ದರು. ಆ ಒಂದು ಸಾಲು ಬರೆದೆ. ಮುಂದಿನದು ಮರೆತೇಹೋಗಿದೆ. ಮೂವತ್ತೈದು ವರ್ಷ ಮನೆಮನೆಗೆ ಹೋಗಿ ನೀರಿನ ಮೀಟರ್ ಓದಿದವನಿಗೆ ಇಂಗ್ಲಿಷ್ ಎಲ್ಲಿ ಉಳಿಯಬೇಕು, ಅಂಕಿ ಮಾತ್ರ ಉಳಿದಿದೆ.

ನೀನು ಗ್ಯಾರೇಜಿನ ಶಟರ್ ಎಳೆದು ಹನ್ನೊಂದು ತಿಂಗಳಾಯಿತು. ಮೊನ್ನೆ ನಿನ್ನ ಹೆಂಡತಿ ಔಷಧಿ ಅಂಗಡಿಯ ಹತ್ತಿರ ಸಿಕ್ಕಿದ್ದಳು. ನೀನೀಗ ಯಾವುದೋ ಗೋದಾಮಿನ ಗೇಟಿನಲ್ಲಿ ಕಾವಲು ಕೂರುತ್ತೀಯಂತೆ. “ಸ್ಪ್ಯಾನರ್ ಕಂಡ್ರೆ ಮುಖ ತಿರುಗಿಸ್ತಾರೆ ಅಣ್ಣಾ. ಅಕ್ಕನ್ನ ನಾನೇ ಕೊಂದೆ ಅಂತಾರೆ. ನೀವಾದ್ರೂ ಒಂದು ಮಾತು ಹೇಳಿ” ಎಂದಳು. ನಾನು “ಪಾಪ” ಎಂದು ಬಂದೆ. ಅಷ್ಟೇ ಅಂದದ್ದು ನಾನು, ಪಾಪ ಎಂದು.

ನೀನು ಕೊಂದಿಲ್ಲ, ನಟ್ಟು. ಆ ಸೋಮವಾರ ವ್ಯಾನಿನ ಎಂಜಿನ್ ನಿಂತಿರಲಿಲ್ಲ. ನೀನು ಕೂರಿಸಿದ ಫ್ಯುಯಲ್ ಪಂಪಿನಲ್ಲಿ ಕೂದಲಷ್ಟೂ ತಪ್ಪಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಸ್ವಭಾವ ನಿನಗೆ ಗೊತ್ತು. ಎಲ್ಲಿಂದಲೋ ಶುರು ಮಾಡಿ ಎಲ್ಲಿಗೋ ಹೋಗಿ ನಡುವೆ ಮುಖ್ಯವಾದದ್ದನ್ನು ನುಂಗಿಬಿಡುವವನು.

ಆ ವ್ಯಾನು ಹೇಗಿತ್ತು ನೆನಪಿದೆಯಲ್ಲ. ಹದಿನೇಳು ವರ್ಷದ ಮುದುಕಿ. ಒಂದು ಕಾಲದಲ್ಲಿ ಲೀಟರಿಗೆ ಹದಿಮೂರು ಕಿಲೋಮೀಟರ್ ಕೊಟ್ಟವಳು, ನಿನ್ನ ಅಕ್ಕನಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾದ ವರ್ಷ ಎಂಟಕ್ಕೆ ಇಳಿದಳು. ಆಸ್ಪತ್ರೆ ಮೂವತ್ತು ಕಿಲೋಮೀಟರ್ ದೂರ. ಡಾಕ್ಟರು ಪ್ರತಿ ತಿಂಗಳು ಒಂದು ಚೀಟಿ ಕೊಡುತ್ತಿದ್ದರು. ಅದರಲ್ಲಿ ಇಳಿಯಬೇಕಾದದ್ದು ಏರುತ್ತಿತ್ತು, ಏರಬೇಕಾದದ್ದು ಇಳಿಯುತ್ತಿತ್ತು. ಆ ಅಂಕಿಗಳ ಎದುರು ನಾನು ಕೈಕಟ್ಟಿ ನಿಲ್ಲಬೇಕಿತ್ತು. ವ್ಯಾನಿನ ಅಂಕಿ ಹಾಗಲ್ಲ. ಅದನ್ನು ಹಿಡಿದು ಮೇಲೆತ್ತಬಹುದು ಎನ್ನಿಸಿತು. ಹಿಡಿದುಕೊಂಡೆ.

ಎದುರು ಮನೆಯ ಟೈಲರ್ ಪೆಟ್ರೋಲ್ ಪೈಪಿಗೆ ಅಯಸ್ಕಾಂತ ಕಟ್ಟಿ ಎಂದ. ಕಟ್ಟಿದೆ. ನೀನು ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕೆ. “ಭಾವ, ಇದನ್ನ ಫ್ರಿಜ್ ಬಾಗಿಲಿಗೆ ಅಂಟಿಸಿ, ಅದಾದ್ರೂ ಮೈಲೇಜ್ ಕೊಡುತ್ತೆ” ಎಂದೆ. ಆಮೇಲೆ ನೀನೇ ಕೂತು ಒಂದೊಂದಾಗಿ ಮಾಡಿದೆ. ಏರ್ ಫಿಲ್ಟರ್ ಬದಲಾಯಿಸಿದೆ, ಪ್ಲಗ್ ನಾಲ್ಕೂ ಬದಲಾಯಿಸಿದೆ, ಟೈರಿನ ಗಾಳಿ ಸರಿ ಮಾಡಿದೆ. ಕ್ಲಚ್ ಮೇಲಿಂದ ಕಾಲು ತೆಗೀರಿ ಎಂದು ನನಗೆ ಬೈದೆ. ಹಿಂದಿನ ಚಕ್ರ ಎತ್ತಿ ಕೈಯಲ್ಲಿ ತಿರುಗಿಸಿ, “ನೋಡಿ, ಬ್ರೇಕು ಹಿಡ್ಕೊಂಡೇ ಓಡ್ತಿದೆ, ಪಾಪದ್ದು” ಎಂದು ಅದನ್ನು ಬಿಚ್ಚಿ ಬಿಡಿಸಿದೆ. ಕೊನೆಗೆ, ಬೇಡದ ಭಾರ ಇಳಿಸಿ ಎಂದೆ. “ಮೇಲಿನ ಕ್ಯಾರಿಯರ್ ತೆಗೀರಿ, ಹಿಂದಿನ ಸೀಟು ತೆಗೀರಿ. ಸ್ಟೆಪ್ನಿ, ಜಾಕಿಗೆ ಮಾತ್ರ ಕೈ ಹಚ್ಚಿದ್ರೆ ನನ್ನ ಗ್ಯಾರೇಜ್ ಕಡೆ ತಲೆ ಹಾಕ್ಬೇಡಿ.”

ನಿನ್ನ ಅಕ್ಕ ವರಾಂಡದಲ್ಲಿ ಕೂತು ನಾನು ಸೀಟು ಬಿಚ್ಚುವುದನ್ನು ನೋಡುತ್ತಿದ್ದಳು. “ಆ ವ್ಯಾನಿಗೆ ಮಾಡೋ ಸೇವೆ ನನ್ನ ಕಿಡ್ನಿಗೆ ಮಾಡಿದ್ರೆ ಅದೂ ಲೀಟರಿಗೆ ಹನ್ನೆರಡು ಕೊಡ್ತಿತ್ತು ಕಣ್ರೀ” ಎಂದಳು. ಅವಳ ಬಾಯಿ ಕೊನೆಯವರೆಗೂ ಹಾಗೆಯೇ ಇತ್ತು.

ಅಂಕಿ ಒಂಬತ್ತೂವರೆಗೆ ಬಂದು ನಿಂತಿತು. ನನಗೆ ಹತ್ತು ಬೇಕಿತ್ತು. ಯಾಕೆ ಹತ್ತು ಎಂದು ಕೇಳಬೇಡ. ಒಂದು ಭಾನುವಾರ ನೀನು ಬರುವುದಿಲ್ಲವೆಂದು ಗೊತ್ತಾದ ಮೇಲೆ ಸ್ಟೆಪ್ನಿ ಟೈರನ್ನೂ ಜಾಕನ್ನೂ ಇಳಿಸಿ ಮೆಟ್ಟಿಲ ಕೆಳಗೆ ಇಟ್ಟು, ಹಳೆಯ ಪರದೆ ಮುಚ್ಚಿದೆ. ‘ಅನ್‌ನೆಸೆಸರಿ ಲೋಡ್’ ಎಂದು ನನಗೆ ನಾನೇ ಗಟ್ಟಿಯಾಗಿ ಹೇಳಿಕೊಂಡೆ. ಇಂಗ್ಲಿಷಿನಲ್ಲಿ ಹೇಳಿದರೆ ತಪ್ಪು ಕೂಡ ಸರ್ಕಾರಿ ಕೆಲಸದಂತೆ ಕೇಳಿಸುತ್ತದೆ. ಮುಂದಿನ ಟ್ಯಾಂಕಿಗೆ ಹತ್ತು ಬಂತು. ನಿನಗೆ ಹೇಳಿದಾಗ ನೀನು ನನ್ನ ಬೆನ್ನು ತಟ್ಟಿ, “ಭಾವ, ನೀವು ಮೀಟರ್ ಓದೋದು ಬಿಟ್ಟು ನನ್ ಜೊತೆ ಸೇರ್ಕೊಂಡಿದ್ರೆ ಇಷ್ಟೊತ್ತಿಗೆ ಎರಡು ಗ್ಯಾರೇಜ್ ಆಗಿರೋದು” ಎಂದೆ. ಎಲ್ಲ ನನ್ನ ಓಡಿಸುವ ರೀತಿ ಎಂದೆ ನಾನು. ಮನೆಗೆ ಬಂದು ನಿನ್ನ ಅಕ್ಕನಿಗೂ ಆ ಹೊಗಳಿಕೆಯನ್ನು ಎರಡು ಸಲ ಹೇಳಿದೆ.

ಎರಡು ದಿನದ ಬಿಡುವಿನ ನಂತರದ ಸೋಮವಾರ ಅವಳಿಗೆ ಯಾವಾಗಲೂ ಕಷ್ಟ; ಮೈಯಲ್ಲಿ ನೀರು ತುಂಬಿಕೊಂಡು ಉಸಿರು ಸಿಗುತ್ತಿರಲಿಲ್ಲ. ಆ ಸೋಮವಾರ ಇನ್ನೂ ಹೆಚ್ಚು. ಬೆಳಿಗ್ಗೆ ಒಂಬತ್ತಕ್ಕೆ ಹೊರಟೆವು. ಸಿಮೆಂಟ್ ಪೈಪುಗಳನ್ನು ಪೇರಿಸಿಟ್ಟಿರುವ ಉದ್ದದ ಗೋಡೆ ಇದೆಯಲ್ಲ, ಅಲ್ಲಿ ಹಿಂದಿನ ಎಡ ಟೈರು ಒಡೆದುಹೋಯಿತು. ರಿಮ್ಮಿನ ಮೇಲೆಯೇ ಸ್ವಲ್ಪ ದೂರ ಓಡಿಸಿದೆ. ಕುಲುಕಾಟಕ್ಕೆ ಅವಳು ನರಳಿದಳು, ನಿಲ್ಲಿಸಿದೆ. ಆಂಬುಲೆನ್ಸಿಗೆ ಫೋನ್ ಮಾಡಿದೆ, ಮುಕ್ಕಾಲು ಗಂಟೆ ಎಂದರು. ಕೈ ಅಡ್ಡ ಹಿಡಿದು ನಿಂತೆ, ಯಾರೂ ನಿಲ್ಲಿಸಲಿಲ್ಲ. ಅವಳು ಕಿಟಕಿಯಿಂದ, “ತಮ್ಮನಿಗೆ ಫೋನ್ ಮಾಡ್ರೀ” ಎಂದಳು.

ಅಲ್ಲಿಂದ ನಿನ್ನ ಗ್ಯಾರೇಜಿಗೆ ಹತ್ತು ನಿಮಿಷ. ನಿನ್ನ ಅಂಗಳದಲ್ಲಿ ಗಿರಾಕಿಗಳ ಕಾರು ಯಾವಾಗಲೂ ಒಂದೆರಡು ನಿಂತಿರುತ್ತವೆ, ಅದರಲ್ಲೇ ನೀನು ಓಡಿ ಬರುತ್ತಿದ್ದೆ. ಇದೆಲ್ಲ ನನಗೆ ಗೊತ್ತಿತ್ತು. ಫೋನ್ ಕೈಯಲ್ಲಿತ್ತು, ನಿನ್ನ ಹೆಸರು ಪರದೆಯ ಮೇಲಿತ್ತು. ನೀನು ಬಂದರೆ ಮೊದಲು ಹಿಂದಿನ ಬಾಗಿಲು ತೆಗೆಯುತ್ತೀಯ, ಸ್ಟೆಪ್ನಿಯ ಜಾಗ ಖಾಲಿ ಇರುವುದನ್ನು ನೋಡುತ್ತೀಯ, ನನ್ನ ಹತ್ತು ಎಲ್ಲಿಂದ ಬಂತೆಂದು ನಿನಗೆ ತಿಳಿಯುತ್ತದೆ. ಅವಳ ಎದುರಿಗೇ ತಿಳಿಯುತ್ತದೆ. ನಾನು ಒತ್ತಲಿಲ್ಲ. ಇನ್ನೊಂದು ಗಾಡಿ ಸಿಗುತ್ತದೆ, ಈಗ ಸಿಗುತ್ತದೆ ಎಂದುಕೊಂಡೇ ಅರ್ಧ ಗಂಟೆ ಕಳೆದೆ. ಕೊನೆಗೆ ಕುರ್ಚಿ ಮೇಜು ತುಂಬಿದ್ದ ಲಾರಿಯವನೊಬ್ಬ ನಿಲ್ಲಿಸಿ ಅವಳನ್ನು ತಾನೇ ಎತ್ತಿ ಕೂರಿಸಿಕೊಂಡ. ಆಸ್ಪತ್ರೆಯ ಗೇಟು ದಾಟುವಾಗ ಅವಳ ತಲೆ ನನ್ನ ಭುಜದ ಮೇಲಿತ್ತು. ಉಸಿರಿರಲಿಲ್ಲ.

ನೀನು ಆಸ್ಪತ್ರೆಗೆ ಓಡಿ ಬಂದು “ಏನಾಯ್ತು ಭಾವ?” ಎಂದೆ. “ಗಾಡಿ ಕೈಕೊಡ್ತು. ಎಂಜಿನ್ ನಿಂತುಹೋಯ್ತು” ಎಂದೆ ನಾನು. ನಟ್ಟು, ನಾನು ಅದನ್ನು ಯೋಚಿಸಿ ಹೇಳಲಿಲ್ಲ. ಬಾಯಿಗೆ ಬಂತು. ಆದರೆ ಹೇಳಿದ ಮರುಕ್ಷಣ, ಹಿಂದಿನ ಶುಕ್ರವಾರವಷ್ಟೇ ನೀನು ಹೊಸ ಫ್ಯುಯಲ್ ಪಂಪ್ ಕೂರಿಸಿದ್ದು ನೆನಪಾಯಿತು. ನಿನಗೂ ನೆನಪಾಯಿತು. ನೀನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ಆಗ ಹೇಳಬಹುದಿತ್ತು. ಮಾರನೆಯ ದಿನ ನಾನು ಬಾಡಿಗೆ ಗಾಡಿಯಲ್ಲಿ ಸ್ಟೆಪ್ನಿ ಒಯ್ದು ಹಾಕಿ ವ್ಯಾನು ತಂದೆ. ಒಂದು ಸಲ ಬಾನೆಟ್ ತೆಗೆದು ನೋಡ್ತೀನಿ ಭಾವ ಎಂದು ನೀನು ಗೇಟಿನ ಹತ್ತಿರ ನಿಂತಾಗ, “ಇನ್ನು ಅದನ್ನ ಮುಟ್ಬೇಡ” ಎಂದೆ. ನನ್ನ ಹೆದರಿಕೆಯನ್ನು ನೀನು ಸಿಟ್ಟು ಎಂದುಕೊಂಡೆ. ಹಾಗೆಯೇ ಇರಲಿ ಎಂದು ನಾನೂ ಬಿಟ್ಟೆ.

ಈ ತಿಂಗಳುಗಳಲ್ಲಿ ಆ ವ್ಯಾನನ್ನು ಒಬ್ಬನೇ ಅದೇ ರಸ್ತೆಯಲ್ಲಿ ಓಡಿಸಿದ್ದೇನೆ. ಸ್ಟೆಪ್ನಿ ಇಟ್ಟು ಮೂರು ಟ್ಯಾಂಕು, ಇಳಿಸಿ ಮೂರು ಟ್ಯಾಂಕು. ಎರಡರಲ್ಲೂ ಹತ್ತು. ಸ್ಟೆಪ್ನಿಯಿಂದ ಏನೂ ಆಗಿರಲಿಲ್ಲ. ನೀನು ಬಿಡಿಸಿದ ಬ್ರೇಕು ಪಳಗಿ, ಅಂಕಿ ತಾನಾಗಿಯೇ ಏರಿತ್ತು.

ಇದನ್ನು ನಿನ್ನ ಹೆಂಡತಿಗೆ ಓದಿಸು. ನಿನ್ನನ್ನು ಕಂಡು ಪಿಸುಗುಟ್ಟಿದ ನೆಂಟರಿಗೂ ಓದಿಸು. ಓದುವವರಿಲ್ಲದ ಮನೆಗೆ ನಾನೇ ಹೋಗಿ ಹೇಳುತ್ತೇನೆ. ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುವ ಜಾತಿ ನೀನು.

ನಿನಗೆ ಸೇರಬೇಕಾದ ಒಂದು ಮಾತು ಮಾತ್ರ ನನ್ನಲ್ಲಿ ಉಳಿದಿದೆ. ಆ ಗೋಡೆಯ ಹತ್ತಿರ ಅವಳು “ಏನಂದ ತಮ್ಮ?” ಎಂದು ಕೇಳಿದಳು. ನಾನು “ಎತ್ತುತ್ತಾ ಇಲ್ಲ” ಎಂದೆ. ಅವಳು ಸೀಟಿಗೆ ಒರಗಿ, ಉಸಿರು ಕೂಡಿಸಿಕೊಂಡು, “ಬೈಬೇಡ್ರೀ ಅವನಿಗೆ. ಕೈಯೆಲ್ಲಾ ಗ್ರೀಸಾಗಿರುತ್ತೆ, ಒರೆಸಿಕೊಂಡು ಅವನೇ ಮಾಡ್ತಾನೆ” ಎಂದಳು. ಆಮೇಲೆ ಅವಳು ಮಾತಾಡಲಿಲ್ಲ. ಲಾರಿಯಲ್ಲೂ ನನ್ನ ತೊಡೆಯ ಮೇಲಿದ್ದ ಫೋನನ್ನೇ ನೋಡುತ್ತಿದ್ದಳು, ನೀನು ಮಾಡುತ್ತೀಯೆಂದು.

ನಿನ್ನ ಕೆಲಸ ನಿನ್ನ ಕೈಗೆ ಮರಳಲಿ. ನಿನ್ನ ಮನೆ ತಣ್ಣಗಿರಲಿ, ನಿನ್ನ ಮಕ್ಕಳು ನಿನ್ನ ಗುಣವನ್ನೇ ಪಡೆಯಲಿ.

ಭಾವ ಎಂದು ಸಹಿ ಹಾಕಲು ಕೈ ಬರುತ್ತಿಲ್ಲ,

ನಿನ್ನ ಅಕ್ಕನ ಗಂಡ